ಜಮೀನಿಗೆ ಹೋದ ಸ್ಪ್ರಿಂಗು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ಫೋನು ಮಾಡಿದ್ದರು. ಫೋಟೋ ಸಂಘದ ಹತ್ತಿರವೇ ಇದೆಯಂತೆ. ಮೊದಲ ಸಾಲನ್ನೂ ಕಾರ್ಯದರ್ಶಿಯೇ ಬರೆದಿಟ್ಟುಕೊಂಡಿದ್ದರು: 'ಸರಳ ಸಜ್ಜನರೂ ಮೃದುಭಾಷಿಗಳೂ ಆಗಿದ್ದ...' ಮುಂದಿನದನ್ನು ನಾನು ತುಂಬಿದರೆ ಆಯಿತು. ಫೋನಿಡುವ ಮೊದಲು ದನಿ ತಗ್ಗಿಸಿ, "ಆ ಮಿಲಿಟರಿ ಸ್ಪ್ರಿಂಗಿನ ವಿಷಯ ಮಾತ್ರ ಬೇಡ ಹಾಂ. ಈಗ ವಾತಾವರಣ ಸರಿ ಇಲ್ಲ" ಎಂದರು.

ಅವರು ಸರಳರಲ್ಲ. ಮೃದುಭಾಷಿಯಂತೂ ಅಲ್ಲವೇ ಅಲ್ಲ. ಒಂಬತ್ತು ವರ್ಷ ಅವರ ಕೈಕೆಳಗೆ ಬೈಸಿಕೊಂಡು ಕೆಲಸ ಕಲಿತವನು ನಾನು, ನನಗೆ ಗೊತ್ತಿಲ್ಲವೆ? ಸಜ್ಜನರು ಎಂಬುದನ್ನು ಒಪ್ಪುತ್ತೇನೆ, ಆದರೆ ಆ ಮಾತನ್ನು ಸ್ಪ್ರಿಂಗಿನ ವಿಷಯ ಬಿಟ್ಟು ಹೇಳುವುದು ಹೇಗೆಂದು ನನಗೆ ತಿಳಿಯದು. ಹಾಗಾಗಿ ಸಂಘಕ್ಕೆ ಆಗುವುದಿಲ್ಲ ಎಂದು ಹೇಳಿ, ಇಲ್ಲಿ ನನ್ನ ಪಾಡಿಗೆ ನಾನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ತಾವು ಕಣ್ಣಾರೆ ನೋಡದ ಕಾಗದದ ಮೇಲೆ ತಮ್ಮ ಹೆಸರು ಇರಕೂಡದು ಎಂಬುದು ಅವರ ನಿಯಮ. ಇದನ್ನು ಅವರು ನೋಡುವಂತಿಲ್ಲ. ಅವರು ಹೋಗಿ ಎರಡು ವರ್ಷ ಕಳೆದವು.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸ್ಪ್ರಿಂಗ್ ಮಾಡುವ ಕಾರ್ಖಾನೆ. ನಲವತ್ತು ಜನ ಇದ್ದೆವು. ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಿಂದ ಹಿಡಿದು ಸ್ಕೂಟರಿನ ಬ್ರೇಕಿನ ಸ್ಪ್ರಿಂಗಿನ ತನಕ ಎಲ್ಲವನ್ನೂ ಮಾಡುತ್ತಿದ್ದೆವು. ಯಜಮಾನ ಉಲ್ಲಾಸನಗರದ ಸಿಂಧಿ ಸೇಠ. ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟ್ ಎಂದರೆ ನಾವಿಬ್ಬರೇ, ಅವರು ಮತ್ತು ನಾನು. ಕಾರ್ಖಾನೆಗೆಲ್ಲ ಅವರು 'ಅಣ್ಣಾ'. ನಾನು ಗದಗಿನ ಕಡೆಯವನು, 'ಸರ' ಎನ್ನುತ್ತಿದ್ದೆ. ಅವರು ಉಡುಪಿಯ ಕಡೆಯವರು, ಮನೆಯಲ್ಲಿ ತುಳು. ಮೊದಲನೆಯ ದಿನವೇ ನಾನು "ಮಷೀನ್ ಎಲ್ಲೈತ್ರಿ?" ಎಂದು ಕೇಳಿದ್ದಕ್ಕೆ ಕನ್ನಡಕದ ಮೇಲಿಂದ ನೋಡಿ, "ಐತಿ ಅಲ್ಲ ಮಾರಾಯ, ಉಂಟು. ಇಲ್ಲಿ ಉಂಟು ಅಂತ ಹೇಳಿದ್ರೆ ಮಾತ್ರ ಮಷೀನು ಸ್ಟಾರ್ಟ್ ಆಗ್ತದೆ" ಎಂದಿದ್ದರು. ನಾನು ನಿಜವೇ ಇರಬೇಕೆಂದು ಎರಡು ದಿನ 'ಉಂಟು' ಎಂದು ಓಡಾಡಿದೆ. ಪ್ಯಾಕಿಂಗಿನ ಹೆಂಗಸರೆಲ್ಲ ನಕ್ಕಮೇಲೆ ಬಿಟ್ಟೆ.

ಅವರ ಪರೀಕ್ಷೆಯ ಕ್ರಮ ಯಾವ ಪುಸ್ತಕದಲ್ಲೂ ಇಲ್ಲ. ವರ್ನಿಯರ್ ಹಿಡಿದು ಅಳೆಯುವುದು, ಭಾರ ಹಾಕಿ ಒತ್ತಿ ನೋಡುವುದು, ಇವು ಇದ್ದದ್ದೇ. ಅದಾದಮೇಲೆ ಸ್ಪ್ರಿಂಗನ್ನು ಕಲ್ಲಿನ ಟೇಬಲ್ಲಿನ ಮೇಲೆ ಒಂದು ಗೇಣು ಎತ್ತರದಿಂದ ಬೀಳಿಸಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. ಒಳ್ಳೆಯ ಸ್ಪ್ರಿಂಗು ಮಾತಾಡುತ್ತದಂತೆ, ಕೆಟ್ಟದ್ದು ಕೆಮ್ಮುತ್ತದಂತೆ. ನನಗೆ ನಾಲ್ಕು ತಿಂಗಳು ಎಲ್ಲವೂ ಒಂದೇ ಥರ ಕೇಳಿಸಿತು. ಐದನೆಯ ತಿಂಗಳು ಒಂದು ದಿನ, "ಸರ, ಇದು ಕೆಮ್ತು" ಎಂದೆ. ಅವರು ಅದನ್ನು ತೆಗೆದುಕೊಂಡು ಭಾರ ಹಾಕಿ ನೋಡಿದರು. ಫೇಲು. ಆ ದಿನ ಕ್ಯಾಂಟೀನಿನಲ್ಲಿ ನನಗೆ ಬಟಾಟೆವಡೆ ಕೊಡಿಸಿದರು. ನನ್ನ ಜನ್ಮದಲ್ಲಿ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಆ ವಡೆಯೇ ದೊಡ್ಡದು.

ಯುದ್ಧ, ಜಗಳ, ಹೊಡೆದಾಟ ಅವರಿಗೆ ಆಗುತ್ತಿರಲಿಲ್ಲ. ಹಾಗೆಂದು ಜಗಳ ಕಂಡರೆ ಪಕ್ಕಕ್ಕೆ ಸರಿಯುವ ಜಾತಿಯೂ ಅಲ್ಲ. ನಾನು ಬದಲಾಪುರದಿಂದ ಹತ್ತುತ್ತಿದ್ದೆ, ಅವರು ವಿಠ್ಠಲವಾಡಿಯಲ್ಲಿ. ಬೆಳಗಿನ ಲೋಕಲ್ ರೈಲಿನಲ್ಲಿ ಸೀಟಿಗಾಗಿ ಕಾಲರ್ ಹಿಡಿಯುವುದು ನಿತ್ಯದ ಆಟ. ಅಂಥವರ ಮಧ್ಯೆ ಇವರು ತಮ್ಮ ಊಟದ ಡಬ್ಬಿ ತೂರಿಸಿ, "ಪಕಡೋ" ಎನ್ನುತ್ತಿದ್ದರು. ಡಬ್ಬಿ ಹಿಡಿದ ಕೈಯಿಂದ ಹೊಡೆಯುವುದು ಹೇಗೆ? ಹಿಡಿದವನು ಬೆಪ್ಪಾಗಿ ನಿಲ್ಲುವಷ್ಟರಲ್ಲಿ ಕಲ್ಯಾಣ ಸ್ಟೇಶನ್ ಬಂದು ಅರ್ಧ ಜನ ಇಳಿದಿರುತ್ತಿದ್ದರು. ಒಮ್ಮೆ ಒಬ್ಬ ಡಬ್ಬಿಯ ಸಮೇತ ಇಳಿದುಬಿಟ್ಟ. ಆ ಮಧ್ಯಾಹ್ನ ನನ್ನ ರೊಟ್ಟಿಯಲ್ಲಿ ಪಾಲು ತಿನ್ನುತ್ತಾ, "ಬಂಗುಡೆ ಪುಳಿಮುಂಚಿ ಇತ್ತು ಮಾರಾಯ. ಅವನ ಸಿಟ್ಟು ಈಗ ಇಳಿದಿರ್ತದೆ" ಎಂದು ನಿಟ್ಟುಸಿರು ಬಿಟ್ಟರು.

ಬಂಗುಡೆಯ ವಿಷಯಕ್ಕೆ ಸೇಠ ಅವರನ್ನು ಯಾವಾಗಲೂ ಕೆಣಕುತ್ತಿದ್ದ. ಮೀನು ತಿಂದು ಅಹಿಂಸೆ ಮಾತಾಡುವ ಸಾಧು ಎಂದು ಗೇಲಿ. ಇವರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮೀನು ತಿನ್ನುವುದು ಹಸಿವಿಗೆ. ಹೊಟ್ಟೆ ತುಂಬಿದ ಮೇಲೆ ಯಾರೂ ಗಾಳ ಹಾಕುವುದಿಲ್ಲ. ಸಿಟ್ಟು ಹಾಗಲ್ಲ, ಉಣಿಸಿದಷ್ಟೂ ಅದಕ್ಕೆ ಹಸಿವು" ಎನ್ನುತ್ತಿದ್ದರು. ಅವರ ಇಂಥ ಮಾತುಗಳೆಲ್ಲ ನನ್ನೊಬ್ಬನ ಮುಂದೆಯೇ ವ್ಯರ್ಥವಾಗುತ್ತಿದ್ದವು, ಯಾಕೆಂದರೆ ಅವರ ಹಿಂದಿ ಬಹಳ ಬಡವಾಗಿತ್ತು.

ನಿಮಗೆ ಈ ಶಾಂತಿಯ ಹುಚ್ಚು ಎಲ್ಲಿಂದ ಹತ್ತಿತು ಎಂದು ನಾನೊಮ್ಮೆ ಕೇಳಿದೆ. ಮನೆಯಲ್ಲಿ ಯಾರೋ ಯುದ್ಧದಲ್ಲಿ ಸತ್ತಿರಬೇಕು, ಏನೋ ಒಂದು ಕಥೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟೇ ಬಂತು. "ಯಾಕೆ ಶಾಂತಿ ಅಂತ ಎಲ್ಲರೂ ನನ್ನ ಹತ್ರ ಕೇಳ್ತಾರೆ. ಯುದ್ಧ ಬೇಕು ಅನ್ನುವವನ ಹತ್ರ ಯಾಕೆ ಮಾರಾಯ ಅಂತ ಒಬ್ಬನೂ ಕೇಳುವುದಿಲ್ಲ. ಹೋಗು, ಆ ಎರಡನೇ ಲಾಟು ನೋಡು" ಎಂದು ಅಟ್ಟಿದರು.

ಸಂಸತ್ತಿನ ಮೇಲೆ ದಾಳಿಯಾಗಿ ಗಡಿಯುದ್ದಕ್ಕೂ ಸೈನ್ಯ ಹೋಗಿ ನಿಂತ ಚಳಿಗಾಲ ಅದು. ಗಾಡಿಯಲ್ಲಿ ದಿನವೂ ಯುದ್ಧ ನಡೆಯುತ್ತಿತ್ತು. ಠಾಕುರ್ಲಿ ಸ್ಟೇಶನ್ ಬರುವ ಹೊತ್ತಿಗೆ ಲಾಹೋರ ಗೆದ್ದಾಗಿರುತ್ತಿತ್ತು. ಒಬ್ಬ ಬ್ಯಾಂಕಿನವನು, ಒಂದೇ ಸಲ ಮುಗಿಸಿಬಿಡಬೇಕು, ಕೂತು ಮಾತಾಡುವುದು ಸಾಕು ಎಂದು ದಿನವೂ ಕಿರುಚುತ್ತಿದ್ದ. ಇವರು ಒಂದು ವಾರ ತಡೆದುಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ, "ಸಾಬ್, ಕಲ್ಯಾಣ್ ಸೇ ಪಂಜಾಬ್ ಕಾ ಗಾಡಿ ಮಿಲತಾ ಹೈ. ಮೈ ಸೀಟ್ ಪಕಡ್ ಕೇ ದೇತಾ" ಎಂದು ಪಂಜಾಬಿನ ಗಾಡಿಯಲ್ಲಿ ಸೀಟು ಹಿಡಿದುಕೊಡಲು ಮುಂದಾದರು. ಕಂಪಾರ್ಟ್‌ಮೆಂಟು ನಕ್ಕಿತು. ಬ್ಯಾಂಕಿನವನು ಮರುದಿನದಿಂದ ಬೇರೆ ಬೋಗಿಗೆ ಹತ್ತತೊಡಗಿದ. ಇವರಿಗೆ ಅದೂ ಬೇಸರವೇ. "ಸಿಟ್ಟು ಮಾಡಿಸಿದ್ನಲ್ಲ ನಾನು" ಎಂದು ಎರಡು ದಿನ ಗೊಣಗಿದರು.

ಅದೇ ದಿನಗಳಲ್ಲಿ ನಮಗೆ ಒಂದು ಹೊಸ ಆರ್ಡರ್ ಬಂತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಸ್ಪ್ರಿಂಗು. ಡ್ರಾಯಿಂಗಿನ ಮೇಲೆ ಬರೀ ನಂಬರು, ಯಾತಕ್ಕೆ ಬಳಸುವುದೆಂದು ಇಲ್ಲ. ಹಾಗೆ ಬರುವುದು ಹೊಸದೇನಲ್ಲ. ಆರ್ಡರ್ ಕೊಟ್ಟ ಪಾರ್ಟಿಯ ಕಡೆಯ ಮನುಷ್ಯ ಒಬ್ಬ ಬಂದು ಕೂತು, ಬೇಗ ಬೇಕು ಎಂದು ಆತುರಪಡಿಸಿದ. ಇವರು ಎಂದಿನಂತೆ, ಇದು ಹೋಗುವುದು ಎಲ್ಲಿಗೆ ಎಂದು ಕೇಳಿದರು. "ಅಣ್ಣಾ, ಯೇ ಜಮೀನ್ ಮೇ ಜಾನೇವಾಲಾ ಮಾಲ್ ಹೈ" ಎಂದ ಅವನು, ಜಮೀನಿಗೆ ಹೋಗುವ ಮಾಲು ಎಂದು.

ಮೂವತ್ತು ವರ್ಷ ಈ ಊರುಗಳಲ್ಲಿ ಕಳೆದವರಿಗೂ ಕಿವಿ ಹುಟ್ಟೂರಿನದೇ ಇರುತ್ತದೆ. ಹಿಂದಿಯವನಿಗೆ ಜಮೀನೆಂದರೆ ಬರೀ ನೆಲ. ನಮಗಿಬ್ಬರಿಗೂ ಜಮೀನೆಂದರೆ ಎಕರೆ, ಗುಂಟೆ, ಬದು, ಬೆಳೆ. ನನ್ನ ಅಪ್ಪನಿಗೆ ಎಂಟು ಎಕರೆ ಜಮೀನು, ಅವರ ಮನೆಯವರದು ಭೂಸುಧಾರಣೆಯ ಡಿಕ್ಲರೇಶನ್ನಿನಲ್ಲಿ ಗೇಣಿದಾರರಿಗೆ ಹೋದ ಜಮೀನು. ಹಾಗಾಗಿ ಆ ಮಾತು ಕಿವಿಗೆ ಬಿದ್ದದ್ದೇ ಸ್ಪ್ರಿಂಗು ಒಕ್ಕಲುತನದ್ದಾಯಿತು. ನಾನು ಬಿತ್ತುವ ಕೂರಿಗೆಯ ಯಂತ್ರಕ್ಕೆ ಇರಬೇಕೆಂದೆ. ಅವರು ಔಷಧಿ ಹೊಡೆಯುವ ಪಂಪಿಗೆ ಎಂದು ವಾದಿಸಿದರು. ಹತ್ತು ದಿನ ಇದೇ ಚರ್ಚೆ. ಅಷ್ಟು ಖುಷಿಯಾಗಿ ಅವರು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. "ಬಾಲ್‌ಪೆನ್ನು, ಸ್ಕೂಟರು ನೋಡಿ ನೋಡಿ ಸಾಕಾಯ್ತು. ಒಮ್ಮೆಯಾದ್ರೂ ಅನ್ನ ಬೆಳೆಯುವವನ ಕೈಗೆ ಹೋಗ್ಲಿ ನಾವು ನೋಡಿದ್ದು" ಎಂದು ಬಾಯಿ ತುಂಬ ಹೇಳಿದರು. ಸೇಠನಿಗೆ ವಿಷಯ ಗೊತ್ತಿತ್ತು. ನಮಗೂ ಗೊತ್ತಿದೆ ಎಂದು ಅವನು ತಿಳಿದಿದ್ದ.

ಹನ್ನೊಂದನೆಯ ದಿನ ವಿಠ್ಠಲವಾಡಿಯಲ್ಲಿ ಹತ್ತಿದವರು ಎದುರಿನವನ ಮರಾಠಿ ಪೇಪರಿನಲ್ಲಿ ಒಂದು ಚಿತ್ರ ನೋಡಿದರು. ಪಂಜಾಬಿನ ಗೋಧಿಯ ಹೊಲ. ಸೈನಿಕರು ಬಗ್ಗಿ ನೆಲದಲ್ಲಿ ಏನೋ ಹೂಳುತ್ತಿದ್ದಾರೆ. ಹಿಂದೆ ಒಂದು ಸಂಸಾರ ಎಮ್ಮೆ, ಮಂಚ, ಪಾತ್ರೆಗಳನ್ನು ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೊರಟಿದೆ. 'ಭೂಸುರುಂಗ' ಎಂದು ದೊಡ್ಡ ಅಕ್ಷರ. ನೆಲಬಾಂಬು. ಡೊಂಬಿವಲಿ ಬರುವ ತನಕ ಅವರು ಆ ಪೇಪರಿನಿಂದ ಕಣ್ಣು ತೆಗೆಯಲಿಲ್ಲ. ಇಳಿದಮೇಲೆ ರಿಕ್ಷಾ ಹಿಡಿಯದೆ ನಡೆದರು, ನಾನು ಹಿಂದೆ ಹಿಂದೆ ಹೋದೆ. ಕಾರ್ಖಾನೆ ಮುಟ್ಟಿದ ಕೂಡಲೇ ನೇರ ಸೇಠನ ಕ್ಯಾಬಿನ್ನಿಗೆ ಹೋಗಿ, ಐದು ನಿಮಿಷದಲ್ಲಿ ಹೊರಬಂದರು.

"ಜಮೀನಿಗೇ ಹೋಗ್ತದಂತೆ" ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಆ ಮನುಷ್ಯ ಸುಳ್ಳು ಹೇಳ್ಲಿಲ್ಲ. ಸೇಠನದ್ದೂ ತಪ್ಪಿಲ್ಲ. ನಾವು ಕನ್ನಡದಲ್ಲಿ ಕೇಳಿಸಿಕೊಂಡದ್ದು" ಎಂದರು.

ಅಷ್ಟು ಹೇಳಿ ಆ ಲಾಟಿನ ಪೆಟ್ಟಿಗೆಗಳನ್ನು ಟೇಬಲ್ಲಿನಿಂದ ಇಳಿಸಿ ಗೋಡೆಗೆ ಒತ್ತಿ ಇಟ್ಟರು. ಇನ್ನು ಮುಟ್ಟುವುದಿಲ್ಲ, ಸಹಿಯೂ ಹಾಕುವುದಿಲ್ಲ ಎಂದರು. ಸೇಠ ತಾನೇ ಬಂದ. ಕೆಟ್ಟವನಲ್ಲ ಅವನು. ವಿಭಜನೆಯ ಹೊತ್ತಿಗೆ ಅವನ ಅಪ್ಪ ಎಲ್ಲ ಬಿಟ್ಟು ಉಲ್ಲಾಸನಗರದ ನಿರಾಶ್ರಿತರ ಬ್ಯಾರಕ್ಕಿಗೆ ಬಂದವನು. ಅವನಿಗೂ ಅವನದೇ ನಂಬಿಕೆ ಇತ್ತು. "ಅಣ್ಣಾ, ದೇಶದ ಕೆಲಸ ಇದು. ನೀನು ಸಹಿ ಹಾಕದಿದ್ದರೆ ಯುದ್ಧ ನಿಂತುಹೋಗುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದ. ಇವರು ನನ್ನನ್ನು ಕರೆದು, "ನನ್ನ ಹಿಂದಿ ಸಾಲುವುದಿಲ್ಲ, ನೀನು ಹೇಳು" ಎಂದು ಕನ್ನಡದಲ್ಲಿ ಹೇಳಿದರು: "ಯುದ್ಧ ನಿಲ್ಲುವುದಿಲ್ಲ, ನಂಗೆ ಗೊತ್ತುಂಟು. ನಾನು ನಿಲ್ಲಬೇಕಲ್ಲ." ನಾನು ನನ್ನ ಕೈಲಾದ ಹಿಂದಿಯಲ್ಲಿ ಹೇಳಿದೆ. ಸೇಠ ಬಹಳ ಹೊತ್ತು ಅವರ ಮುಖ ನೋಡಿ, ನಂತರ ನನ್ನ ಮುಖ ನೋಡಿದ. ಆ ನೋಟದ ಅರ್ಥ ನನಗೆ ತಕ್ಷಣ ಆಯಿತು. ಅವರು ಹಾಕದಿದ್ದರೆ ಸಹಿ ಹಾಕುವ ಅಧಿಕಾರ ನನ್ನದಾಗಿತ್ತು.

ಮುಚ್ಚಿಡುವುದೇಕೆ, ನಾನು ಹಾಕುವವನಿದ್ದೆ. ಮದುವೆಯಾಗಿ ಐದು ತಿಂಗಳಾಗಿತ್ತು, ಬದಲಾಪುರದಲ್ಲಿ ಬಾಡಿಗೆಯ ಒಂದು ಖೋಲಿ, ಊರಲ್ಲಿ ಅಪ್ಪ. ಅದೂ ಅಲ್ಲದೆ ಯುದ್ಧದ ವಿಷಯದಲ್ಲಿ ನಾನು ಅವರ ಪಕ್ಷದವನೇನೂ ಆಗಿರಲಿಲ್ಲ. ಹೊಡೆದವರನ್ನು ಹೊಡೆಯಬೇಕು ಎಂದೇ ಅನ್ನಿಸುತ್ತಿತ್ತು. ಅವರಿಗೆ ಅದನ್ನು ಹೇಳಿಯೂ ಹೇಳಿದೆ. ಸಿಟ್ಟಾಗಲಿಲ್ಲ. "ಹಾಕು. ನಿನ್ನ ಮನಸ್ಸು ನಿಂದು. ಆದ್ರೆ ನೋಡಿ ಹಾಕು. ಸೇಠ ಅರ್ಜೆಂಟು ಅಂತ ನೂರಕ್ಕೆ ಒಂದು ನೋಡಿ ಕಳಿಸುವ ಅಂತಾನೆ. ಈ ತಂತಿಯ ಲಾಟಿನಲ್ಲಿ ಕೆಮ್ಮುವುದು ಸುಮಾರು ಉಂಟು" ಎಂದರು.

ಆಗ ಬಂದವಳು ಮಾವಶಿ. ಪ್ಯಾಕಿಂಗಿನ ಹೆಂಗಸರ ಮುಖ್ಯಸ್ಥೆ, ಸಾತಾರದ ಕಡೆಯವಳು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಅವಳ ಮಗ ಸೈನ್ಯದಲ್ಲಿದ್ದ. ಎಲ್ಲಿದ್ದಾನೆ ಎಂದು ಅವಳಿಗೆ ತಿಳಿಸಿರಲಿಲ್ಲವಾದರೂ ಅವನ ತುಕಡಿ ನೆಲಬಾಂಬು ಹೂಳುವಂಥದ್ದು ಎಂಬುದು ಅವಳಿಗೆ ಗೊತ್ತಿತ್ತು. ಹೆಮ್ಮೆಯೂ ಇತ್ತು. ಚಹಾದ ಲೋಟ ತೊಳೆದ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನಮ್ಮ ಟೇಬಲ್ಲಿನ ಮುಂದೆ ನಿಂತಳು. ಅವಳು ಮರಾಠಿಯಲ್ಲಿ ಹೇಳಿದ್ದು ಇಷ್ಟು:

"ಅಣ್ಣಾ, ನೀನು ದೊಡ್ಡವನು. ನಿನ್ನ ಧರ್ಮ ನಿನಗೆ. ನನ್ನ ಮಗ ಅಲ್ಲಿಗೆ ತಾನಾಗಿ ಹೋಗಿಲ್ಲ, ಕಳಿಸಿದ್ದಾರೆ, ಹೋಗಿದ್ದಾನೆ. ಅದನ್ನು ಮುಟ್ಟಲಾರೆ ಅಂತ ನೀನು ಹೇಳಬಹುದು. ಅವನು ಮುಟ್ಟಲೇಬೇಕು. ಬೆರಳಲ್ಲಿ ಹಿಡಿದು ಮಣ್ಣಲ್ಲಿ ಕೂರಿಸಬೇಕು. ಕೆಟ್ಟ ಸ್ಪ್ರಿಂಗು ಇದ್ದರೆ ಅದು ಶತ್ರು ಬರುವ ತನಕ ಕಾಯುತ್ತದೆಯೇ? ನೀನು ನೋಡದಿದ್ದರೆ ಇನ್ಯಾರು ನೋಡುತ್ತಾರೆ?"

ಮಾವಶಿ ಕಾದು, ಕಾದು, ಹೋದಳು. ಊಟದ ಗಂಟೆ ಹೊಡೆಯಿತು. ಅವರು ಡಬ್ಬಿ ಬಿಚ್ಚಲಿಲ್ಲ, ನನಗೂ ಬಿಚ್ಚುವ ಧೈರ್ಯವಾಗಲಿಲ್ಲ. ಊಟದ ಹೊತ್ತು ಮುಗಿದ ಮೇಲೆ ಎದ್ದು ಗೋಡೆಯ ಪಕ್ಕದ ಪೆಟ್ಟಿಗೆಗಳನ್ನು ಒಂದೊಂದಾಗಿ ಮತ್ತೆ ಟೇಬಲ್ಲಿಗೆ ತಂದರು. ಆಗಲೇ ಪ್ಯಾಕಾಗಿ ಮೊಳೆ ಹೊಡೆದಿದ್ದ ಪೆಟ್ಟಿಗೆಗಳನ್ನೂ ಬಿಚ್ಚಿಸಿದರು. "ಸ್ಯಾಂಪಲ್ ಇಲ್ಲ. ಒಂದೊಂದೂ ನೋಡುವ" ಎಂದರು.

ಆರು ದಿನ ಹಿಡಿಯಿತು. ನಾನು ಅಳೆದು ಕೊಡುವುದು, ಅವರು ಭಾರ ಹಾಕಿ, ಬೀಳಿಸಿ, ಕೇಳಿ, ಎಡಕ್ಕೋ ಬಲಕ್ಕೋ ಇಡುವುದು. ಪಾರ್ಟಿಯವನು ಮೂರು ಸಲ ಬಂದು ಕೂಗಾಡಿ ಹೋದ. ಸೇಠ ಅವನನ್ನು ಸಮಾಧಾನ ಮಾಡಿ ಕಳಿಸಿದನೇ ಹೊರತು ಇವರಿಗೆ ಒಂದು ಮಾತೂ ಹೇಳಲಿಲ್ಲ. ಆರು ದಿನವೂ ಅವರು ನನ್ನನ್ನು ಬೈಯಲಿಲ್ಲ. ಅದೇ ನನಗೆ ಭಯವಾಗಿ, ಬೇಕೆಂದೇ ಒಂದು ತಪ್ಪು ಅಳತೆ ಹೇಳಿದೆ. ಸುಮ್ಮನೆ ತಿದ್ದಿಕೊಂಡರು. ನಾಲ್ಕನೆಯ ದಿನ ಮಾತ್ರ, "ನೋಡಿದ್ರೆ ಒಂದು ಪಾಪ, ನೋಡದಿದ್ರೆ ಇನ್ನೊಂದು. ಯಾವುದು ದೊಡ್ಡದು ಅಂತ ಅಳೆಯಲಿಕ್ಕೆ ನಮ್ಮ ಹತ್ರ ಗೇಜು ಇಲ್ಲ ಮಾರಾಯ" ಎಂದರು. ನಾನು "ಬಿಡ್ರಿ ಸರ, ದೇವರಿಗೆ ತಿಳೀತೈತಿ" ಎಂದೆ. "ಅವನ ಹತ್ರ ಇದ್ರೆ ಇಷ್ಟು ಹೊತ್ತಿಗೆ ಕೊಡ್ತಿದ್ದ" ಎಂದು ಮುಂದಿನ ಸ್ಪ್ರಿಂಗು ಎತ್ತಿಕೊಂಡರು. ರಿಜೆಕ್ಟ್ ಆದದ್ದು ಒಂದು ಬಕೆಟ್ ತುಂಬ ಆಯಿತು. ಮಾವಶಿ ಬಂದು ಆ ಬಕೆಟ್ಟನ್ನು ನೋಡಿ ಅವರ ಕಾಲು ಮುಟ್ಟಿಹೋದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಕಾಗದಕ್ಕೆ ಸಹಿ ಹಾಕುವ ಹೊತ್ತು ನಾನು ಪೆನ್ನು ತೆಗೆದೆ. ಅವರು ಮುಟ್ಟುವುದಿಲ್ಲ ಎಂದದ್ದು ಮುರಿದಿತ್ತು, ಸಹಿ ಹಾಕುವುದಿಲ್ಲ ಎಂದದ್ದಾದರೂ ಉಳಿಯಲಿ ಎಂದು ನನ್ನ ಆಸೆ. ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ನಿಂಗೆ ಇನ್ನೂ ಮಕ್ಕಳಾಗ್ಬೇಕು. ಇದು ನನ್ನ ತಲೆ ಮೇಲೆ ಇರ್ಲಿ" ಎಂದು ಪೂರ್ತಿ ಹೆಸರು ಬರೆದರು. ನನ್ನ ಅಪ್ಪ ನನ್ನನ್ನು ಹೆತ್ತು ಸಾಕಿದ್ದಾನೆ, ಅದರ ಋಣ ಬೇರೆ. ಆದರೆ ಯಾರಾದರೂ ನನ್ನ ಬದಲಿಗೆ ನಿಂತದ್ದು ಎಂದು ನೆನೆದರೆ ನನಗೆ ಆ ಸಹಿಯೇ ಕಾಣುವುದು.

ಆ ವರ್ಷದ ದಸರೆಗೆ ಕಾರ್ಖಾನೆಯಲ್ಲಿ ಎಂದಿನಂತೆ ಪೂಜೆ. ಅದು ಅಲ್ಲಿಯವರಿಗೆ ಯಂತ್ರಗಳ ಪೂಜೆ, ನಮ್ಮ ಬಾಯಲ್ಲಿ ಆಯುಧಪೂಜೆ. ಪ್ರತಿವರ್ಷ ಅವರು ತಮ್ಮ ವರ್ನಿಯರನ್ನು ಎಣ್ಣೆ ಹಚ್ಚಿ ಒರೆಸಿ ಮೊಟ್ಟಮೊದಲು ಇಡುತ್ತಿದ್ದರು. ಆ ವರ್ಷ ಡ್ರಾಯರಿನಿಂದ ತೆಗೆಯಲೇ ಇಲ್ಲ. ನಾನು ನೆನಪಿಸಿದೆ. "ಇಷ್ಟು ವರ್ಷ ಅದನ್ನು ಸುಮ್ಮನೆ ಬಾಯಿಮಾತಿಗೆ ಆಯುಧ ಅಂತಿದ್ವಿ. ಈಗ ನಿಜವಾಗಿ ಆಯ್ತಲ್ಲ. ಕುಂಕುಮ ಹಚ್ಚಲಿಕ್ಕೆ ಕೈ ಬರುವುದಿಲ್ಲ" ಎಂದರು. ಪ್ರಸಾದದ ಪೇಢೆ ಮಾತ್ರ ಎರಡು ತಿಂದರು. ನನ್ನ ಪಾಲಿನದೂ ಸೇರಿಸಿದರೆ ಮೂರು.

ಅಂಥ ಆರ್ಡರ್ ಮತ್ತೆ ಬರಲಿಲ್ಲ. ಯುದ್ಧವೂ ಆಗಲಿಲ್ಲ, ಸೈನ್ಯ ಹಿಂದೆ ಬಂತು. ಹೂತದ್ದನ್ನು ತೆಗೆಯುವ ಕೆಲಸ ಮಾತ್ರ ವರ್ಷಗಟ್ಟಲೆ ನಡೆಯಿತು. ಗಡಿಯ ಹೊಲದಲ್ಲಿ ರೈತನೊಬ್ಬ ಕಾಲು ಕಳೆದುಕೊಂಡ, ಎಮ್ಮೆ ಮೇಯಿಸಲು ಹೋದ ಹುಡುಗಿ ತೀರಿಕೊಂಡಳು ಎಂದು ಪೇಪರಿನಲ್ಲಿ ಮೂಲೆಯ ಸುದ್ದಿ ಬರುತ್ತಿತ್ತು. ಅಂಥ ಸುದ್ದಿ ಬಂದ ದಿನ ಅವರು ಚಹಾ ಮುಟ್ಟುತ್ತಿರಲಿಲ್ಲ. ಮಾವಶಿ ಕಂಡಾಗಲೆಲ್ಲ ಮಗನ ಕ್ಷೇಮ ಕೇಳಿ, ಆಮೇಲೆ, "ಎಲ್ಲಾ ತೆಗೆದಾಯಿತಂತಾ?" ಎಂದು ಕೇಳುತ್ತಿದ್ದರು. ಅವಳಿಗೇನು ಗೊತ್ತು ಪಾಪ. ತೆಗೆಯುತ್ತಿದ್ದಾರೆ ಎನ್ನುತ್ತಿದ್ದಳು.

ಮುಂಬಯಿಯ ಮೇಲೆ ದಾಳಿಯಾದ ವಾರ ನಮ್ಮ ಸಂಘದಲ್ಲಿ ಶ್ರದ್ಧಾಂಜಲಿ ಸಭೆಯಿತ್ತು. ಅವರು ರಿಟೈರ್ ಆದ ವರ್ಷ ಅದು. ಮಾತಾಡಿದವರೆಲ್ಲ ಸೇಡು, ಸೇಡು ಎಂದರು. ಇವರು ಎದ್ದು, ಸತ್ತವರ ಹೆಸರು ಹೇಳಿ ಕೂತರೆ ಸಾಲದೇ ಎಂದದ್ದಷ್ಟೇ. ಸಭೆ ಮೈಮೇಲೆ ಬಂತು. ಒಬ್ಬ ಎದ್ದು ನಿಂತು, "ನಿಮ್ಮ ಮಗಳು ಅವತ್ತು ಸ್ಟೇಶನ್ನಲ್ಲಿ ಇದ್ದಿದ್ರೆ ಹೀಗೇ ಹೇಳ್ತಿದ್ರಾ?" ಎಂದು ಕೇಳಿದ. ಇವರು ಯೋಚಿಸಿದರು, ನಿಜವಾಗಿಯೂ ಯೋಚಿಸಿದರು. "ಇಲ್ಲ. ನಂಗೂ ಕೊಲ್ಲಬೇಕು ಅಂತಲೇ ಆಗ್ತಿತ್ತು. ಅಂಥ ದಿವಸ ದಯವಿಟ್ಟು ನನ್ನ ಮಾತು ಕೇಳಬೇಡಿ. ಇವತ್ತು ಕೇಳಿ" ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯದರ್ಶಿ ಬೇಗಬೇಗ ವಂದನಾರ್ಪಣೆ ಮಾಡಿದರು. ನನಗೆ ಅವತ್ತು ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವರ ಅಭಿಪ್ರಾಯ ಒಪ್ಪದೆಯೂ ಹೋಗಿ ಪಕ್ಕದಲ್ಲಿ ಕೂತೆ.

ಆಮೇಲೆ ಅವರು ನೆರೂಳಕ್ಕೆ, ಮಗಳ ಮನೆಗೆ ಹೋದರು. ನಾನು ಎರಡು ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಕಡೆಯ ಸಲ ಹೋದಾಗ ಮಂಚ ಬಿಟ್ಟು ಏಳುವಂತಿರಲಿಲ್ಲ. ಟಿವಿಯಲ್ಲಿ ಮತ್ತೆ ಗಡಿ, ಮತ್ತೆ ಕೂಗಾಟ, ಅವರ ಹೆಂಡತಿ, ನಾನು ಅಮ್ಮ ಎನ್ನುವವರು, ಸದ್ದು ಕಡಿಮೆ ಮಾಡಿ ಇಟ್ಟಿದ್ದರು. ಆ ಸಲ ನಾನು ಒಬ್ಬನೇ ಹೋಗಿರಲಿಲ್ಲ. ಮಾವಶಿಯ ಮಗ ಸೈನ್ಯದಿಂದ ನಿವೃತ್ತನಾಗಿ ವಾಶಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಅಣ್ಣಾನನ್ನು ನೋಡಿಕೊಂಡು ಬಾ ಎಂದು ತಾಯಿ ಹಟ ಹಿಡಿದಿದ್ದಳಂತೆ. ಅವನು ಒಳಗೆ ಬಂದು ಕಾಲು ಮುಟ್ಟಿದ. ಇವರು ಅವನ ಎರಡೂ ಕೈಗಳನ್ನು ನೋಡಿದರು. ಹತ್ತು ಬೆರಳೂ ಇದ್ದವು. ಚಹಾ ಬಂದಮೇಲೆ, ಮಾವಶಿಗೆ ಕೇಳುತ್ತಿದ್ದ ಅದೇ ಪ್ರಶ್ನೆಯನ್ನು ತಮ್ಮ ಮುರುಕು ಮರಾಠಿಯಲ್ಲಿ ಕೇಳಿದರು.

"ಎಲ್ಲವನ್ನೂ ತೆಗೆದೆವು ಕಾಕಾ" ಎಂದ ಅವನು ಮರಾಠಿಯಲ್ಲಿ, ತಟ್ಟನೆ. "ಒಂದೂ ಉಳಿದಿಲ್ಲ."

ಅವನನ್ನು ಲಿಫ್ಟಿನ ತನಕ ಬಿಡಲು ಹೋದೆ. ಲಿಫ್ಟು ಬರುವುದು ತಡವಾಯಿತು. ಅವನು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾ, ಮರಳು ಸರಿದಾಡುತ್ತದೆ, ಕಾಲುವೆಯ ನೀರು ಹೊತ್ತುಕೊಂಡು ಹೋಗುತ್ತದೆ, ಇಟ್ಟಲ್ಲಿ ಇರುವುದಿಲ್ಲ, ಕೆಲವು ಸಿಗಲೇ ಇಲ್ಲ ಎಂದ. ಕಾಕಾನಿಗೆ ಹೇಳಬೇಡಿ ಎಂದ.

ನಾನು ಒಳಗೆ ಬಂದೆ. ಅವರು ಬಾಗಿಲನ್ನೇ ನೋಡುತ್ತಿದ್ದರು.

"ಎಂತ ಹೇಳಿದ ಅವನು?"

"ಏನಿಲ್ರಿ ಸರ. ಎಲ್ಲಾ ತಗದಾರಂತ."

"ಅದು ಒಳಗೆ ಹೇಳಿದ್ದು. ಹೊರಗೆ ಎಂತ ಹೇಳಿದ?"

ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ. "ಕೆಲವು ಸಿಕ್ಕಿಲ್ಲಂತ್ರಿ" ಎಂದೆ.

ಅವರು ತಲೆಯಾಡಿಸಿದರು. ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಹೇಗಾದರೂ ಸಮಾಧಾನ ಮಾಡಬೇಕೆಂದು, "ಹದಿನಾಲ್ಕು ವರ್ಷ ಆತಲ್ರಿ ಸರ. ಮಳಿ, ನೀರು, ತುಕ್ಕು. ಇಷ್ಟೊತ್ತಿಗೆ ಅವು ಎಲ್ಲಾ ಸತ್ತುಹೋಗಿರ್ತಾವ್ರಿ" ಎಂದೆ.

"ಬೇರೆಯವರದ್ದು ಸತ್ತಿರಬಹುದು" ಎಂದರು ಅವರು. "ನಮ್ಮದು ಸಾಯ್ಲಿಕ್ಕಿಲ್ಲ ಮಾರಾಯ. ಒಂದೊಂದೂ ನಾನೇ ನೋಡಿದ್ದು."